ಗೋಧಿಗೆ ಬೆಂಕಿ ರೋಗ: ಒಂದೇ ಆಸರೆ ಎಷ್ಟು ದಿನ?

2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಸುಮಾರು 15 ಸಾವಿರ ಹೆಕ್ಟೇರ್‌ ಗೋಧಿಗೆ ಬೆಂಕಿ ರೋಗ ತಗುಲಿತು. ಎಲೆ ಹಸಿರಾಗಿಯೇ ಇರುತ್ತದೆ, ತೆನೆ ಮಾತ್ರ ಕೆಲವೇ ದಿನಗಳಲ್ಲಿ ಬಿಳುಚಿ ಜೊಳ್ಳಾಗುತ್ತದೆ. ರೈತರ ಕಣ್ಣಿಗೆ ಬೀಳುವ ಹೊತ್ತಿಗೆ ಔಷಧಿ ಹೊಡೆದು ಪ್ರಯೋಜನವಿಲ್ಲ. ಕರ್ನಾಟಕದ ಭತ್ತ, ರಾಗಿ ಬೆಳೆಗಾರರಿಗೆ ಈ ಹೆಸರು ಹೊಸದಲ್ಲ. ಗೋಧಿಯನ್ನು ಕಾಡುತ್ತಿರುವುದು ಅದೇ ಶಿಲೀಂಧ್ರದ ಇನ್ನೊಂದು ರೂಪ. 1985ರಲ್ಲಿ ಬ್ರೆಜಿಲ್‌ನಲ್ಲಿ ಮೊದಲು ಪತ್ತೆಯಾದ ಅದು ಮೂರು ದಶಕ ದಕ್ಷಿಣ ಅಮೆರಿಕದಲ್ಲೇ ಇತ್ತು.

ಪಶ್ಚಿಮ ಬಂಗಾಳ ಸರ್ಕಾರ ಬಳಿಕ ನದಿಯಾ, ಮುರ್ಷಿದಾಬಾದ್‌ ಜಿಲ್ಲೆಗಳಲ್ಲಿ ಗೋಧಿ ಬಿತ್ತನೆ ನಿಲ್ಲಿಸಿತು. ಗಡಿಯಿಂದ 5 ಕಿ.ಮೀ. ಒಳಗೂ ಬಿತ್ತುವಂತಿರಲಿಲ್ಲ. ತುರ್ತಿಗೆ ಅದು ಸರಿಯಾದ ಕ್ರಮವೇ. ಆದರೆ ಬಿತ್ತನೆ ಬೀಜದ ಮೂಲಕವೂ ಹರಡುವ ರೋಗವನ್ನು ನಿಷೇಧವೊಂದೇ ಬಹುಕಾಲ ತಡೆಯಲಾರದು.

ಉಳಿದ ದಾರಿ ನಿರೋಧಕ ತಳಿ. ಬಾಂಗ್ಲಾದೇಶ 2017ರಲ್ಲೇ 'ಬಾರಿ ಗೋಮ್‌ 33' ಬಿಡುಗಡೆ ಮಾಡಿತು. ಕರ್ನಾಲ್‌ನ ಗೋಧಿ ಸಂಶೋಧನಾ ಸಂಸ್ಥೆ ಭಾರತದ ತಳಿಗಳನ್ನು ಬಾಂಗ್ಲಾದ ಜಶೋರ್‌ಗೂ ಬೊಲಿವಿಯಾಕ್ಕೂ ಕಳುಹಿಸಿ ಪರೀಕ್ಷೆಗೊಡ್ಡಿತು. ಡಿಬಿಡಬ್ಲ್ಯು 187, ಎಚ್‌ಡಿ 3249 ಮೊದಲಾದವು ರೋಗವನ್ನು ತಡೆದುಕೊಂಡವು. ರೋಗ ನಮ್ಮ ಹೊಲ ಹೊಗುವ ಮೊದಲೇ ಅದು ಇರುವಲ್ಲಿಗೇ ತಳಿ ಕಳುಹಿಸಿ ನೋಡಿದ್ದು ಮೆಚ್ಚತಕ್ಕ ಕೆಲಸ.

ಚಿಂತೆ ಇರುವುದು ಬೇರೆ ಕಡೆ. ಇಂದು ಜಗತ್ತಿನ ಬಹುತೇಕ ನಿರೋಧಕ ತಳಿಗಳಿಗೆ ಆಸರೆ '2ಎನ್‌ಎಸ್‌' ಎಂಬ ಒಂದೇ ವರ್ಣತಂತು ತುಣುಕು. ಕಾಡುಹುಲ್ಲೊಂದರಿಂದ ಅದನ್ನು ಗೋಧಿಗೆ ತಂದದ್ದು ಬೇರೆ ರೋಗಗಳ ವಿರುದ್ಧ. ಬೆಂಕಿ ರೋಗಕ್ಕೂ ಒದಗಿದ್ದು ಅದೃಷ್ಟ. ಎಲ್ಲ ತಳಿಗಳಲ್ಲೂ ಅದು ಸಮನಾಗಿ ಕೆಲಸ ಮಾಡುವುದಿಲ್ಲ. ಅದನ್ನು ಮೀರಬಲ್ಲ ಶಿಲೀಂಧ್ರ ರೂಪಗಳು ದಕ್ಷಿಣ ಅಮೆರಿಕದಲ್ಲಿ ಈಗಾಗಲೇ ಕಂಡಿವೆ.

ಹೀಗಾಗುವುದು ಮೊದಲ ಸಲವೇನಲ್ಲ. ರೈ ಧಾನ್ಯದಿಂದ ಬಂದ 'ಎಸ್‌ಆರ್‌31' ಜೀನ್‌ ಕಾಂಡ ತುಕ್ಕು ರೋಗಕ್ಕೆ ದಶಕಗಳ ಕಾಲ ಗೋಡೆಯಾಗಿತ್ತು. ಅದನ್ನೇ ನಂಬಿ ಹಲವು ದೇಶಗಳು ಗೋಧಿ ಬೆಳೆದವು. 1998ರಲ್ಲಿ ಉಗಾಂಡಾದಲ್ಲಿ ಕಂಡ ತುಕ್ಕಿನ ಹೊಸ ರೂಪ, ಮುಂದೆ 'ಯುಜಿ99' ಎಂದು ಹೆಸರಾದದ್ದು, ಆ ಗೋಡೆ ದಾಟಿತ್ತು.

ಹಾಗಾಗಿ ತಳಿ ವಿಜ್ಞಾನಿಗಳು ಈಗ ಒಂದೇ ತಳಿಯಲ್ಲಿ ಹಲವು ನಿರೋಧಕ ಜೀನ್‌ಗಳನ್ನು ಕೂಡಿಸುವ ಪ್ರಯತ್ನದಲ್ಲಿದ್ದಾರೆ. ಇದಕ್ಕೆ ವರ್ಷಗಳು ಹಿಡಿಯುತ್ತವೆ. ಇಳುವರಿ ಕಡಿಮೆಯಾದರೆ ರೈತರು ಆ ಬೀಜ ಕೊಳ್ಳುವುದಿಲ್ಲ, ರೊಟ್ಟಿ ಚೆನ್ನಾಗಿ ಬರದಿದ್ದರೆ ಮಾರುಕಟ್ಟೆಯೂ ಒಪ್ಪುವುದಿಲ್ಲ. ತಳಿ ಸಿದ್ಧವಾದರೂ ಗಡಿ ಜಿಲ್ಲೆಗಳ ಸಣ್ಣ ರೈತರಲ್ಲಿ ಅನೇಕರು ಬಿತ್ತುವುದು ಹಿಂದಿನ ವರ್ಷ ಮನೆಯಲ್ಲೇ ಎತ್ತಿಟ್ಟ ಬೀಜವನ್ನು. ಹೊಸ ಬೀಜ ಅವರ ಕೈಗೆಟುಕುವ ದರದಲ್ಲಿ ಸಿಗುವಂತೆ ಮಾಡುವುದು ಪ್ರಯೋಗಾಲಯದ ಕೈಯಲ್ಲಿಲ್ಲ, ಸರ್ಕಾರದ ಕೈಯಲ್ಲಿದೆ.