ಬೀಜದ ಟಗರು ಸಂತೆಗೆ ಹೋಗಬಾರದು

ಬಕ್ರೀದ್ ಹತ್ತಿರ ಬಂತೆಂದರೆ ನಮ್ಮ ಚಳ್ಳಕೆರೆ ಕಡೆ ಕುರಿ ಸಾಕಿದವರಿಗೆಲ್ಲ ಅದೇ ಗ್ಯಾನ. ಹಿಂಡಿನಲ್ಲಿ ಎದ್ದು ಕಾಣುವ ಟಗರು ಮೊದಲು ಸಂತೆ ಸೇರುತ್ತದೆ. ಉಳಿದ ಬಡಕಲು ಬೀಜಕ್ಕೆ. ರಾಗಿಗೆ ಗಟ್ಟಿ ತೆನೆ ಆರಿಸಿ ಎತ್ತಿಡುವ ನಾವು ಕುರಿಯಲ್ಲಿ ಜೊಳ್ಳು ಉಳಿಸಿಕೊಳ್ತೀವಲ್ಲ, ಇದು ಯಾವ ಲೆಕ್ಕ?

ನಾನೂ ಹಾಗೇ ಮಾಡಿದವನು. 28 ಕುರಿಗೆ ಮನೆಯಲ್ಲೇ ಹುಟ್ಟಿದ ಒಂದೇ ಟಗರನ್ನು 4 ವರ್ಷ ಬಿಟ್ಟೆ. ಅದು ತನ್ನ ಮಕ್ಕಳಿಗೇ ಹಾರಿತು. ಮರಿಗಳು ಸಣ್ಣವಾದವು, ಕೆಲವು ವಾರದೊಳಗೆ ಸತ್ತವು. ಮೇವು ಸಾಲದೇನೋ ಅಂತ ಹಿಂಡಿ ತಂದು ಸುರಿದೆ. ತಪ್ಪು ಮೇವಿನದಾಗಿರಲಿಲ್ಲ.

ಹೆಣ್ಣುಮರಿ ವರ್ಷ ತುಂಬುವ ಹೊತ್ತಿಗೆ ಬೆದೆಗೆ ಬರುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಟಗರು ಬದಲಾಗಲೇಬೇಕು, ಅದೂ ಬೇರೆ ಊರಿನ ಹಿಂಡಿನಿಂದ. ಸಂತೆಯಲ್ಲಿ ಕೊಳ್ಳೋದಿಲ್ಲ, ಅಲ್ಲಿ ತಾಯಿ ಕಾಣಿಸೋದಿಲ್ಲ. ಹಿಂಡಿಗೇ ಹೋಗಿ ತಾಯಿಯ ಕೆಚ್ಚಲು ನೋಡ್ತೀನಿ, ಎಷ್ಟು ಮರಿ ಉಳಿಸಿಕೊಂಡಿದೆ ಕೇಳ್ತೀನಿ. ಆಮೇಲೆ ಟಗರಿನ ಹಲ್ಲು, ಗೊರಸು, ನಡಿಗೆ. ಬೀಜ ಎರಡೂ ಸಮವಾಗಿ, ಗಟ್ಟಿಯಾಗಿ ಕೈಗೆ ಸಿಗಬೇಕು. ಕೊಂಬಿನ ಸುತ್ತು ನೋಡಿ ಮರುಳಾಗುವವರು ಬಹಳ. ಕಾಳಗಕ್ಕೆ ಬಿಡೋದಾದರೆ ಅದು ಬೇರೆ ಮಾತು.

ಇಬ್ಬರು ಒಪ್ಪಿದರೆ ದುಡ್ಡೂ ಬೇಡ. ಹೋದ ವರ್ಷ ಪಕ್ಕದೂರಿನವರೊಬ್ಬರ ಜೊತೆ ಟಗರು ಅದಲು ಬದಲು ಮಾಡಿಕೊಂಡೆ. ದಲ್ಲಾಳಿ 18 ಸಾವಿರಕ್ಕೆ ಕೇಳಿದ್ದ ಟಗರು ಅದು. ಶೇಂಗಾ ಬೀಜಕ್ಕೆ ಸಾಲ ಮಾಡಿದ್ದ ಹೊತ್ತು. ಮಗ ಸಿಟ್ಟಾದ, ಅವನ ಮಾತೂ ಸುಳ್ಳಲ್ಲ. ಈ ಸಲದ ಮರಿಗಳನ್ನು ಮಾತ್ರ ದಿನಾ ಅವನೇ ಎತ್ತಿ ಎತ್ತಿ ನೋಡ್ತಾನೆ.