ಮಲೆನಾಡಿನ ನೆಲಗಳ ವಿಂಗಡಣೆಯೂ ಗ್ರಾಮನಕ್ಷೆಯೂ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ರೈತನು ತನ್ನ ನೆಲವನ್ನು ಎಂದೂ ಒಂದೇ ಹೆಸರಿನಿಂದ ಕರೆದವನಲ್ಲ. ಕಣಿವೆಯ ತಳದ ಬೈಲುಗದ್ದೆ ಬೇರೆ, ಮೇಲಣ ಮಕ್ಕಿಗದ್ದೆ ಬೇರೆ. ಜವುಗಿನ ಹಡ್ಲು ಬೇರೆ, ತೋಟದ ನೆತ್ತಿಯ ಮೇಲಿನ ಸೊಪ್ಪಿನಬೆಟ್ಟ ಬೇರೆ. ಕಾನು ಬೇರೆ, ಹಕ್ಕಲು ಬೇರೆ. ಈ ಹೆಸರುಗಳು ಕೇವಲ ರೂಢಿಯ ಮಾತುಗಳಲ್ಲ. ಒಂದೊಂದು ಹೆಸರಿನಲ್ಲಿಯೂ ಆ ನೆಲದ ಇಳಿಜಾರು, ಮಣ್ಣು, ನೀರು, ಗಿಡಮರ ಮತ್ತು ಉಪಯೋಗ ಅಡಕವಾಗಿವೆ. ಆದರೆ ನಕ್ಷೆಗಳಲ್ಲಿ ಈ ಭೇದಗಳು ಕಾಣುವುದಿಲ್ಲ. ಮತ್ತು ನಕ್ಷೆಯಲ್ಲಿ ಕಾಣದುದು ಕ್ರಮೇಣ ನೆಲದ ಮೇಲೂ ಕಾಣದಂತಾಗುವುದು.

ದೊಡ್ಡ ನಕ್ಷೆಗಳಿಂದ ಉಪಯೋಗವಿಲ್ಲವೆಂದು ಇದರ ಅರ್ಥವಲ್ಲ. ಪುದುಚೇರಿಯ ಫ್ರೆಂಚ್ ಸಂಸ್ಥೆಯು ಅರಣ್ಯ ಇಲಾಖೆಯ ಸಹಕಾರದಿಂದ 1982ರಿಂದ ಹೊರತಂದ ದಕ್ಷಿಣ ಭಾರತದ ಅರಣ್ಯನಕ್ಷೆಗಳು, ಮಳೆ ಮತ್ತು ಎತ್ತರಗಳಿಗೆ ಅನುಸಾರವಾಗಿ ಕಾಡು ಹೇಗೆ ಮಾರ್ಪಡುವುದೆಂಬುದನ್ನು ಚೆನ್ನಾಗಿ ತೋರಿಸಿಕೊಟ್ಟವು. ಶೃಂಗೇರಿಯ ಪಶ್ಚಿಮದಲ್ಲಿ, ಕಿಗ್ಗದಿಂದ ಗಂಗಾಮೂಲದವರೆಗಿನ ಶಿಖರಗಳಲ್ಲಿ ಹುಲ್ಲುಗಾವಲೂ ಅದರ ಕೊರಕಲುಗಳಲ್ಲಿ ಶೋಲಾ ಕಾಡೂ. ಅದರ ಕೆಳಗೆ ಧೂಪ, ಹೆಬ್ಬಲಸು, ರಾಮಪತ್ರೆಗಳ ನಿತ್ಯಹರಿದ್ವರ್ಣದ ಕಾನು. ಮಳೆ ಕುಗ್ಗುತ್ತ ಬರುವ ನರಸಿಂಹರಾಜಪುರದ ಪೂರ್ವಕ್ಕೆ ತೇಗ, ಮತ್ತಿ, ನಂದಿ, ಬಿದಿರುಗಳ ಎಲೆಯುದುರುವ ಕಾಡು. ಆದರೆ ಆ ನಕ್ಷೆಗಳ ಅಳತೆ ಎರಡೂವರೆ ಲಕ್ಷಕ್ಕೆ ಒಂದು. ಎಂದರೆ ಕಾಗದದ ಮೇಲಿನ ಒಂದು ಚದರ ಮಿಲಿಮೀಟರು ನೆಲದ ಮೇಲೆ ಸುಮಾರು 15 ಎಕರೆ. ನಾಲ್ಕು ಎಕರೆಯ ಸೊಪ್ಪಿನಬೆಟ್ಟಕ್ಕೂ ಎರಡು ಎಕರೆಯ ಹಡ್ಲಿಗೂ ಅಲ್ಲಿ ಸಾಸಿವೆಕಾಳಿನಷ್ಟು ಸ್ಥಳವೂ ಇಲ್ಲ.

ಕಸ್ತೂರಿರಂಗನ್ ಸಮಿತಿಯು 2013ರಲ್ಲಿ ಉಪಗ್ರಹದ ಚಿತ್ರಗಳಿಂದ ಪಶ್ಚಿಮಘಟ್ಟಗಳನ್ನು ವಿಂಗಡಿಸಿದಾಗ ಈ ಕೊರತೆಯ ಪರಿಣಾಮ ಪ್ರತ್ಯಕ್ಷವಾಯಿತು. ಆ ಚಿತ್ರದ ಒಂದು ಚುಕ್ಕೆ 24 ಮೀಟರು ಉದ್ದಗಲದ ನೆಲ, ಅಂದರೆ ಸುಮಾರು ಐದೂಮುಕ್ಕಾಲು ಗುಂಟೆ. ಒಂದು ಗ್ರಾಮದ ಶೇಕಡಾ 20ರಷ್ಟು ಅಥವಾ ಅದಕ್ಕೂ ಹೆಚ್ಚು ಭಾಗ ಸೂಕ್ಷ್ಮ ನೆಲವೆಂದು ಕಂಡುಬಂದರೆ ಇಡೀ ಗ್ರಾಮವನ್ನೇ ಪಟ್ಟಿಗೆ ಸೇರಿಸಲಾಯಿತು. ಮರದ ನೆರಳಿನ ಕೆಳಗಣ ಕಾಫಿ, ಏಲಕ್ಕಿ ತೋಟಗಳು ಮೇಲಿನಿಂದ ನೋಡುವವರಿಗೆ ಕಾಡಿನಂತೆಯೇ ತೋರುವುದು ಸಹಜ. ಕೇಂದ್ರ ಸರ್ಕಾರದ ಕರಡು ಅಧಿಸೂಚನೆಯ ಪಟ್ಟಿಯಲ್ಲಿ ಈ ಮೂರು ತಾಲ್ಲೂಕುಗಳ ಗ್ರಾಮಗಳೂ ಸೇರಿವೆ. ರಾಜ್ಯ ಸಚಿವ ಸಂಪುಟವು 2024ರ ಸೆಪ್ಟೆಂಬರಿನಲ್ಲಿ ಆ ವರದಿಯನ್ನು ಒಪ್ಪದಿರಲು ನಿರ್ಧರಿಸಿತು. ಒಪ್ಪಿದರೂ ಬಿಟ್ಟರೂ ಒಂದು ಮಾತು ಉಳಿಯುತ್ತದೆ: ಯಾವ ಸರ್ವೆ ನಂಬರಿನಲ್ಲಿ ಎಂಥ ನೆಲವಿದೆಯೆಂದು ತೋರಿಸಬಲ್ಲ ಲಿಖಿತ ಆಧಾರವು ಬಹುತೇಕ ಗ್ರಾಮಗಳಲ್ಲಿ ಸಿದ್ಧವಾಗಿಲ್ಲ.

ನೆಲದ ವಿಂಗಡಣೆಗೆ ಮರಗಳನ್ನು ಮಾತ್ರ ನೋಡಿದರೆ ಸಾಲದೆಂಬುದಕ್ಕೆ ದೂರದ ಅಲಾಸ್ಕ ಸೀಮೆಯ ನಿದರ್ಶನವುಂಟು. ಅಲ್ಲಿ ಬಹುಭಾಗದಲ್ಲಿ ನೆಲದಡಿಯ ಮಣ್ಣು ವರ್ಷಗಟ್ಟಲೆ ಕರಗದೆ ಹೆಪ್ಪುಗಟ್ಟಿರುವುದು. ಮೇಲಣ ಹಾವಸೆಯ ದಟ್ಟ ಹೊದಿಕೆಯು ಬೇಸಗೆಯ ಬಿಸಿಯನ್ನು ತಡೆದು ಆ ಹಿಮವನ್ನು ಕಾಪಾಡುತ್ತದೆ. ಕಾಳ್ಗಿಚ್ಚಿನಿಂದ ಆ ಹೊದಿಕೆ ನಾಶವಾದರೆ, ಹಿಮವು ಹೇರಳವಾಗಿರುವ ಕಡೆ ಅದು ಕರಗಿ ನೆಲ ಕುಸಿದು ಜವುಗಾಗುವುದು. ಆದುದರಿಂದ ಅಲ್ಲಿಯ ಶಾಸ್ತ್ರಜ್ಞರು ಭೂರೂಪ, ಮಣ್ಣು, ನೀರು, ಹಿಮ, ಸಸ್ಯ ಇವೆಲ್ಲವನ್ನೂ ಕೂಡಿಸಿ ನಕ್ಷೆ ಬರೆಯುತ್ತಾರೆ. ಮಲೆನಾಡಿನಲ್ಲಿ ಹಿಮವಿಲ್ಲ, ಆದರೆ ಮೇಲಿನದು ಕೆಳಗಿನದನ್ನು ಕಾಯುವ ನ್ಯಾಯ ಒಂದೇ. ಬೆಟ್ಟದ ತರಗೆಲೆಯು ಮಳೆಯ ನೀರನ್ನು ಇಂಗಿಸಿ ತೋಟದ ಒರತೆಯನ್ನು ಕಾಯುತ್ತದೆ. ಬೆಟ್ಟ ಬೋಳಾದರೆ ಆಷಾಢದಲ್ಲಿ ಬಸಿಗಾಲುವೆಯಲ್ಲಿ ಹೂಳು, ಚೈತ್ರದಲ್ಲಿ ಬಾವಿಯಲ್ಲಿ ತಳ.

ಈ ಭೇದಗಳನ್ನು ಅಳಿಸಿದ ದೋಷವು ನಕ್ಷೆ ಬರೆಯುವವರದು ಮಾತ್ರವೆನ್ನುವುದು ನ್ಯಾಯವಲ್ಲ. 1964ನೆಯ ಇಸವಿಯ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣವು ಹಳೆಯ ಮೈಸೂರು ಸೀಮೆಯ ಕಾನು, ಸೊಪ್ಪಿನಬೆಟ್ಟಗಳ ಸೌಲಭ್ಯವನ್ನು ಹೆಸರು ಹಿಡಿದು ಉಳಿಸಿಕೊಟ್ಟಿದೆ. ಆ ಸೌಲಭ್ಯವು ಸೊಪ್ಪಿಗೆ ಸಂಬಂಧಪಟ್ಟುದೇ ಹೊರತು ನೆಲವನ್ನು ತೋಟಮಾಡಿಕೊಳ್ಳುವುದಕ್ಕಲ್ಲ. ಹಾಗಿದ್ದರೂ ಎಷ್ಟೋ ಬೆಟ್ಟಗಳಲ್ಲಿ ಕಾಫಿ ಏರಿದೆ. ಎಷ್ಟೋ ಬೈಲುಗಳಲ್ಲಿಯೂ ಹಡ್ಲುಗಳಲ್ಲಿಯೂ ಮಣ್ಣು ತುಂಬಿ ಅಡಕೆ ನೆಟ್ಟಾಗಿದೆ. ಸೊಪ್ಪಿನಬೆಟ್ಟವನ್ನು ಸೊಪ್ಪಿನಬೆಟ್ಟವಾಗಿ ಉಳಿಸದವನು ಅದನ್ನು ಆ ಹೆಸರಿನಿಂದ ಬರೆಯಿರೆಂದು ಕೇಳುವುದು ಹೇಗೆ?

ಪರಿಹಾರವು ಗ್ರಾಮದವರ ಕೈಯಲ್ಲಿಯೇ ಇದೆ. 2002ರ ಜೀವವೈವಿಧ್ಯ ಅಧಿನಿಯಮದ ಮೇರೆಗೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸುವುದು ಅದರ ಕೆಲಸ. ಸರ್ವೆ ನಂಬರುಗಳಿರುವ ಗ್ರಾಮನಕ್ಷೆಯನ್ನು ಹಿಡಿದು ಸಮಿತಿಯವರು ವರ್ಷಕ್ಕೆ ಎರಡು ಬಾರಿ, ಮಳೆ ಬಿಟ್ಟ ಮೇಲೆ ಒಮ್ಮೆ ಮತ್ತು ಕಡುಬೇಸಗೆಯಲ್ಲಿ ಒಮ್ಮೆ, ನೆಲವನ್ನು ಕಾಲುನಡಿಗೆಯಲ್ಲಿ ಸುತ್ತಿ ಬರಲಿ. ಇಳಿಜಾರು, ಮಣ್ಣು, ನೀರು, ಗಿಡಮರ, ಉಪಯೋಗ, ಊರಿನ ಹೆಸರು ಎಂದು ಆರು ಕಲಮುಗಳಿದ್ದರೆ ಸಾಕು. ಬೇಸಗೆಯಲ್ಲಿ ಬತ್ತದ ಒರತೆಯನ್ನು ತಪ್ಪದೆ ಗುರುತಿಸಬೇಕು. ಸೊಪ್ಪು ತರುವ ಹೆಂಗಸರನ್ನೂ, ಕಾನನ್ನು ಬಲ್ಲ ಗಿರಿಜನರನ್ನೂ, ಊರಿನ ವೃದ್ಧರನ್ನೂ ಕೇಳದೆ ಬರೆದ ಪಟ್ಟಿ ಅಪೂರ್ಣವೆಂದೇ ತಿಳಿಯತಕ್ಕದ್ದು.

ಬರೆದುಕೊಟ್ಟರೆ ನಿರ್ಬಂಧವನ್ನು ತಾವಾಗಿಯೇ ಕರೆದಂತಾಗುವುದೆಂದು ಕೆಲವು ಜಮೀನುದಾರರು ಅಂಜುತ್ತಾರೆ. ಆ ಅಂಜಿಕೆ ನಿರಾಧಾರವೆನ್ನಲಾಗದು. ಇಂಥ ದಾಖಲೆ ಹಕ್ಕುಪತ್ರವೂ ಆಗಲಾರದು. ಆದರೆ ಬರೆಯದೆ ಬಿಟ್ಟ ನೆಲವನ್ನು ಯಾರೂ ವಿಂಗಡಿಸುವುದಿಲ್ಲವೆಂಬುದು ಭ್ರಮೆ. ಅದನ್ನು ಕಾಣದವರು ವಿಂಗಡಿಸುತ್ತಾರೆ, ಅಷ್ಟೆ. ಸತ್ಯವಾಗಿ ಬರೆದ ಪಟ್ಟಿಯು ತೋಟವನ್ನು ತೋಟವೆಂದೂ ಕಾನನ್ನು ಕಾನೆಂದೂ ಹೇಳುವುದರಿಂದ ಎರಡನ್ನೂ ಕಾಯಬಲ್ಲದು. ಗ್ರಾಮದ ಮುಖಂಡರು ಬರುವ ಮಳೆಗಾಲ ಮುಗಿಯುತ್ತಲೇ ಈ ಕಾರ್ಯಕ್ಕೆ ತೊಡಗುವುದು ಲೇಸು. ನೆಲದ ಹೆಸರುಗಳನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರು ಇರುವಾಗಲೇ ಇದು ನಡೆಯಬೇಕು.