ರಿಪೋರ್ಟ್ ನಾರ್ಮಲ್ ಅಂತೆ!

ಆಫೀಸಲ್ಲಿ ವರ್ಷಕ್ಕೊಂದು ಹೆಲ್ತ್ ಚೆಕಪ್ ಮಾಡಿಸ್ತಾರೆ. ರಿಪೋರ್ಟ್ ಬಂದ ದಿನ ನಮ್ಮ ಟೀಮಿನ ಗೆಳೆಯನೊಬ್ಬ ಗೇಟಿನಾಚೆ ಟೀ ಅಂಗಡಿ ಮುಂದೆ ನಿಂತು, "ನೋಡು ಮಗಾ, ದಿನಕ್ಕೊಂದು ಪ್ಯಾಕ್ ಸೇದ್ತೀನಿ. ಬ್ಲಡ್ ರಿಪೋರ್ಟ್ ಪೂರ್ತಿ ನಾರ್ಮಲ್!" ಅಂತ ಬೀಗಿದ. ಪಕ್ಕದಲ್ಲಿದ್ದ ಇಬ್ಬರು ಅದೇ ಧೈರ್ಯದಲ್ಲಿ ಇನ್ನೊಂದೊಂದು ಹಚ್ಚಿದರು.

ಅಲ್ಲಾ ಸ್ವಾಮಿ, ನಾವು ಸಾಫ್ಟ್‌ವೇರ್ ಜನ. ಟೆಸ್ಟ್ ಪಾಸಾದ ಮಾತ್ರಕ್ಕೆ ಬಗ್ ಇಲ್ಲ ಅಂತಲ್ಲ, ಆ ಟೆಸ್ಟ್ ಏನನ್ನು ನೋಡುತ್ತೆ ಅನ್ನೋದು ಮುಖ್ಯ. ಇಷ್ಟೂ ಗೊತ್ತಿಲ್ಲದಿದ್ರೆ ನಮಗ್ಯಾಕೆ ಸಂಬಳ? ಚೆಕಪ್ಪಿನ ರಕ್ತ ಪರೀಕ್ಷೆ ಬಿಳಿ ರಕ್ತಕಣಗಳು ಎಷ್ಟಿವೆ ಅಂತ ಎಣಿಸುತ್ತೆ. ಅವುಗಳೊಳಗಿನ ಡಿಎನ್‌ಎ ಕೆಟ್ಟಿದೆಯಾ, ಕ್ರೋಮೋಸೋಮುಗಳು ನೆಟ್ಟಗಿವೆಯಾ ಅಂತ ಇಣುಕಿಯೂ ನೋಡಲ್ಲ.

ಇಣುಕಿ ನೋಡಿದವರಿದ್ದಾರೆ. ಸಿಗರೇಟಿನ ಹೊಗೆಯಲ್ಲಿರೋ 7,000ಕ್ಕೂ ಹೆಚ್ಚು ರಾಸಾಯನಿಕಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಅವು ಶ್ವಾಸಕೋಶದಲ್ಲೇ ಕೂತಿರಲ್ಲ, ರಕ್ತಕ್ಕೂ ಇಳಿಯುತ್ತವೆ. ಅದರಲ್ಲೊಂದು ಬೆಂಜೀನ್. ಅದು ಹೊಡೆಯೋದು ರಕ್ತಕಣಗಳು ಹುಟ್ಟುವ ಮೂಳೆಯ ಮಜ್ಜೆಗೇ. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಧೂಮಪಾನವೂ ಕಾರಣ ಅನ್ನೋದು ಸುಮ್ಮನೆ ಹೇಳಿದ ಮಾತಲ್ಲ.

ಇನ್ನೂ ಮಜಾ ಕೇಳಿ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು 6,000ಕ್ಕೂ ಹೆಚ್ಚು ಗಂಡಸರ ರಕ್ತ ಪರೀಕ್ಷಿಸಿ 2015ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ರಕ್ತಕಣಗಳಲ್ಲಿ ವೈ ಕ್ರೋಮೋಸೋಮ್ ಕಾಣೆಯಾಗೋದು ವಯಸ್ಸಾದ ಗಂಡಸರಲ್ಲಿ ಇದ್ದದ್ದೇ. ಆದರೆ ಸಿಗರೇಟು ಸೇದುವವರಲ್ಲಿ ಅದು ಹಲವು ಪಟ್ಟು ಜಾಸ್ತಿ. ಹೆಚ್ಚು ಸೇದಿದಷ್ಟೂ ಹೆಚ್ಚು ನಷ್ಟ. ಸಿನಿಮಾ ಹೀರೋ ತಾನು ಗಂಡಸು ಅಂತ ತೋರಿಸೋಕೆ ಸಿಗರೇಟು ಹಚ್ತಾನಲ್ಲ, ಅದೇ ಸಿಗರೇಟು ಗಂಡಸಿನ ಕ್ರೋಮೋಸೋಮನ್ನೇ ರಕ್ತಕಣದಿಂದ ಓಡಿಸ್ತಿದೆ!

ಬುದ್ಧಿ ಹೇಳೋಕೆ ನೀನ್ಯಾರು ಅಂತೀರಾ? ನಮ್ಮೂರು ಪಿರಿಯಾಪಟ್ಟಣದ ಕಡೆ. ನನ್ನ ಬಿ.ಇ. ಫೀಸು ಕಟ್ಟಿದ್ದು ಹೊಗೆಸೊಪ್ಪಿನ ದುಡ್ಡಲ್ಲೇ. ಆ ಋಣ ನನ್ನ ತಲೆ ಮೇಲಿದೆ, ಮುಚ್ಚಿಡಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು ಬ್ಯಾರನ್‌ಗೆ ಸೌದೆ ತುಂಬುತ್ತಿದ್ದ ಅಪ್ಪ ಒಂದು ದಿನವೂ ಸಿಗರೇಟು ಮುಟ್ಟಲಿಲ್ಲ. "ಇದು ಮಾರಕ್ಕೆ ಕಣ್ಲಾ, ಸೇದಕ್ಕಲ್ಲ" ಅಂತಿದ್ದ. ಬೆಳೆದವನಿಗೆ ಗೊತ್ತಿದ್ದದ್ದು ಕೈತುಂಬ ಸಂಬಳ ಎಣಿಸೋ ನಮಗೆ ಗೊತ್ತಿಲ್ಲ.

ಉಪ್ಸಾಲಾದವರ ವರದಿಯಲ್ಲೇ ಇನ್ನೊಂದು ಮಾತಿದೆ. ಸಿಗರೇಟು ಬಿಟ್ಟವರ ರಕ್ತದಲ್ಲಿ ಈ ನಷ್ಟ, ಎಂದೂ ಸೇದದವರಲ್ಲಿ ಇದ್ದಷ್ಟೇ ಇತ್ತು. ಎಲ್ಲ ಹಾನಿಯೂ ಹೀಗೆ ವಾಪಸ್ ಸರಿಹೋಗಲ್ಲ, ಆದರೆ ಇದಕ್ಕಿನ್ನೂ ಬಾಗಿಲು ಮುಚ್ಚಿಲ್ಲ.

ಬಿಡೋದು ಸುಲಭ ಅಂತ ನಾನು ಹೇಳ್ತಿಲ್ಲ ಮಗಾ. ಆ ರಿಪೋರ್ಟ್ ತೋರಿಸಿ ಇನ್ನಿಬ್ಬರ ಕೈಗೆ ಬೆಂಕಿಪೊಟ್ಟಣ ಕೊಡೋದನ್ನ ಮೊದಲು ನಿಲ್ಲಿಸು.